ಐದನೇ ಮೇಜಿನ ಮಸ್ತೂರಾ ಓಪಾ

ಬೆಳಗಿನ ಆರು ಗಂಟೆ, ಇನ್ನೂ ಬೆಳಕು ಹರಿದಿಲ್ಲ. ನಮ್ಮ ರೇಷ್ಮೆಯ ಊರು ಮರ್ಗಿಲಾನಿನ ಆಸ್ಪತ್ರೆಯೊಂದರ ಹಿತ್ತಲಲ್ಲಿ ಹುಲ್ಲಿನ ಮೇಲೆಲ್ಲ ಉಪ್ಪು ಎರಚಿದಂತೆ ಹಿಮ ಬಿದ್ದಿದೆ. ಅಡುಗೆಮನೆಯ ಬಾಗಿಲಿನಿಂದ ಹೊರಬಿದ್ದ ದೀಪದ ಬೆಳಕಿನಲ್ಲಿ ಒಬ್ಬ ಹೆಂಗಸು ಮರಳಿನ ಗುಂಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಮರಳೊಳಗೆ ಕೈ ತೂರಿಸಿ ಗೆಡ್ಡೆಯೊಂದನ್ನು ಎಳೆಯುತ್ತಾರೆ, ಏಪ್ರನ್ನಿಗೆ ಒರೆಸುತ್ತಾರೆ, ಕಚ್ಚಿ ಅಗಿದು ಪಕ್ಕಕ್ಕೆ ಉಗಿಯುತ್ತಾರೆ. ಮತ್ತೊಂದು ಗೆಡ್ಡೆ. ಅದನ್ನೂ ಕಚ್ಚಿ, ಅಗಿದು, ಉಗಿಯುತ್ತಾರೆ. ನಾನು ಬಂದು ನಿಂತು ಹತ್ತು ನಿಮಿಷವಾದರೂ ತಲೆ ಎತ್ತಿ ನೋಡಿಲ್ಲ.

"ಓಪಾ, ಈ ಚಳೀಲಿ ಹಲ್ಲು ಜುಮ್ಮೆನ್ನಲ್ವಾ?" ಎಂದು ಕೇಳುತ್ತೇನೆ.

"ಹಲ್ಲು ಹಾಳಾಗ್ಹೋಗ್ಲಿ. ಸಿಹಿ ಆಗಿದೆಯಾ ಅಂತ ನೋಡ್ತಿದೀನಿ. ಸಿಹಿ ಸಿಕ್ಕಿದ್ರೆ ತಪ್ಪು ನಂದೇ. ಇಪ್ಪತ್ತೆರಡು ಕಚ್ಚಿದೆ, ಇನ್ನೂ ಸಿಕ್ಕಿಲ್ಲ."

ಸಿಕ್ಕಿಲ್ಲವೆಂಬ ಸಮಾಧಾನ ಆ ದನಿಯಲ್ಲಿಲ್ಲ. ಸಿಕ್ಕಿದ್ದರೇ ಚೆನ್ನಾಗಿತ್ತು ಎನ್ನುವಂತೆ ಇನ್ನೊಂದಕ್ಕೆ ಕೈ ಹಾಕುತ್ತಾರೆ.

ಹೆಸರು ಮಸ್ತೂರಾ ಖೋಲ್ಮಾತೋವಾ, ವಯಸ್ಸು ಐವತ್ತಾರು. ಓಪಾ ಎಂದರೆ ಅಕ್ಕ. ಊರಿಗೆಲ್ಲ ಆಕೆ ಮಸ್ತೂರಾ ಓಪಾ. ಇಪ್ಪತ್ತೊಂದು ವರ್ಷದಿಂದ ಈ ಆಸ್ಪತ್ರೆಯಲ್ಲಿ ಅಡುಗೆ ಮಾಡುತ್ತಿದ್ದಾರೆ. ಅಡುಗೆಮನೆಯ ಗೋಡೆಯಲ್ಲಿ ಹಳೆಯ ಕಾಲದ ಪಥ್ಯದ ಪಟ್ಟಿಯೊಂದು ತೂಗುತ್ತದೆ. ಅದರಲ್ಲಿ ಹದಿನೈದು 'ಮೇಜು'ಗಳಿವೆ, ಒಂದೊಂದು ಕಾಯಿಲೆಗೆ ಒಂದೊಂದು ಮೇಜು. ಐದನೆಯದು ಯಕೃತ್ತಿನವರದು. ಕರಿದದ್ದು ಇಲ್ಲ, ಕುರಿಯ ಬಾಲದ ಕೊಬ್ಬು ಇಲ್ಲ, ಮೈದಾ ರೊಟ್ಟಿ ಇಲ್ಲ, ಮುರಬ್ಬ ಇಲ್ಲ. ನಮ್ಮ ಊರಿನ ಗಂಡಸಿಗೆ ಇವಿಷ್ಟನ್ನೂ ಬಿಡು ಎಂದರೆ ಊರನ್ನೇ ಬಿಡು ಎಂದಷ್ಟು ಸಂಕಟವಾಗುತ್ತದೆ. ಆ ಸಂಕಟವನ್ನು ದಿನಕ್ಕೆ ಮೂರು ಹೊತ್ತು ಬಡಿಸುವ ಕೆಲಸ ಓಪಾರದು.

ಆಸ್ಪತ್ರೆಯ ಹಜಾರದಲ್ಲಿ ಇದುವರೆಗಿನ ಮುಖ್ಯ ವೈದ್ಯರ ಹದಿನಾಲ್ಕು ಫೋಟೊಗಳಿವೆ, ಎಲ್ಲಕ್ಕೂ ಗಾಜು, ಎಲ್ಲಕ್ಕೂ ಚಿನ್ನದ ಬಣ್ಣದ ಚೌಕಟ್ಟು. ಒಬ್ಬ ಅಡುಗೆಯವರ ಫೋಟೊ ಇಲ್ಲ. ಇದನ್ನು ನಾನು ಆಡಿದಾಗ ಓಪಾ ಮುಖ ಸಿಂಡರಿಸಿದರು. "ನನ್ನ ಫೋಟೊ ಹಾಕಿದ್ರೆ ರೋಗಿಗಳು ಅದಕ್ಕೆ ಚಮಚ ಎಸೀತಾರೆ" ಎಂದರು. ಅವರು ನಕ್ಕರು, ನನಗೆ ಮಾತ್ರ ಸಿಟ್ಟು ಬಂತು. ಆ ಸಿಟ್ಟಿನಿಂದಲೇ ಈ ಬರಹ.

ಗೆಡ್ಡೆಯ ವಿಷಯಕ್ಕೆ ಬರುತ್ತೇನೆ. ನಾವು ಯೆರ್-ನೋಕ್ ಎನ್ನುವ, ಹಸಿಶುಂಠಿಯಂತೆ ಗಂಟುಗಂಟಾದ ಗೆಡ್ಡೆ ಅದು. ಬೇಲಿಯ ಬದಿಯಲ್ಲಿ ಸೂರ್ಯಕಾಂತಿಯಂಥ ಹೂ ಬಿಡುತ್ತದಲ್ಲ, ಅದರ ಬೇರು. ನಮ್ಮಲ್ಲಿ ಬಹಳ ಮಂದಿ ಅದನ್ನು ಹಂದಿಗೆ ಹಾಕುವುದು ಎಂದುಕೊಂಡಿದ್ದಾರೆ. ಅದರಲ್ಲಿ ಒಂದು ವಿಚಿತ್ರ ಸಕ್ಕರೆಯಿದೆ, ಹೆಸರು ಇನುಲಿನ್. ನಾಲಿಗೆಗೆ ಹೆಚ್ಚು ಸಿಹಿಯೆನಿಸದು, ಹೊಟ್ಟೆಯಲ್ಲಿ ಜೀರ್ಣವಾಗದು, ರಕ್ತಕ್ಕೆ ಸೇರದು. ನೆಟ್ಟಗೆ ದೊಡ್ಡ ಕರುಳಿಗೆ ಇಳಿದು ಅಲ್ಲಿನ ಒಳ್ಳೆಯ ಸೂಕ್ಷ್ಮಜೀವಿಗಳಿಗೆ ಊಟವಾಗುತ್ತದೆ. ಪ್ರಿಬಯಾಟಿಕ್ ಸಕ್ಕರೆ ಎಂದು ಡಾಕ್ಟರುಗಳು ಕರೆಯುವುದು ಇದನ್ನೇ. ಕರುಳು ನೆಮ್ಮದಿಯಾಗಿದ್ದರೆ ಯಕೃತ್ತಿಗೆ ಹೊರೆ ಕಡಿಮೆ, ಹೊಟ್ಟೆಯೂ ತುಂಬಿದಂತಿರುತ್ತದೆ.

"ನನ್ನನ್ನ ಔಷಧಿ ಮಾಡೋಳು ಅಂತ ಬರೀಬೇಡಿ" ಎಂದು ಓಪಾ ಮೊದಲ ದಿನವೇ ಎಚ್ಚರಿಸಿದ್ದರು. "ಗೆಡ್ಡೆ ಕೊಬ್ಬನ್ನ ಕರಗಿಸಲ್ಲ. ಸಕ್ಕರೆ, ಕೊಬ್ಬು ಬಿಟ್ಟು ಎರಡು ಹೊತ್ತು ನಡೆದ್ರೆ ಕೊಬ್ಬು ಕರಗುತ್ತೆ. ಗೆಡ್ಡೆ ಜೊತೆಗಿರುತ್ತೆ, ಅಷ್ಟೇ. ಆದ್ರೆ ಒಳ್ಳೇ ಜೊತೆ."

ಈ ಗೆಡ್ಡೆಯ ಹುಳುಕು ಒಂದೇ: ಹಿಮ ಬಿದ್ದು ನೆಲ ತಣ್ಣಗಾದರೆ, ಬಹಳ ದಿನ ಇಟ್ಟರೆ, ಹುಳಿ ಹಾಕಿ ಕುದಿಸಿದರೆ, ಒಳಗಿನ ಇನುಲಿನ್ ಒಡೆದು ಸಾದಾ ಹಣ್ಣಿನ ಸಕ್ಕರೆಯಾಗುತ್ತದೆ. ಆಗ ಬಾಯಿಗೆ ಬಲು ರುಚಿ, ಯಕೃತ್ತಿಗೆ ವೈರಿ. ಅದಕ್ಕೇ ಓಪಾ ಅಕ್ಟೋಬರಿನಲ್ಲೇ ಕಿತ್ತು ಒದ್ದೆ ಮರಳಿನಲ್ಲಿ ಹೂಳುತ್ತಾರೆ, ಹಬೆಯಲ್ಲಿ ಸ್ವಲ್ಪ ಹೊತ್ತು ಮಾತ್ರ ಬೇಯಿಸುತ್ತಾರೆ, ಹತ್ತಿರ ನಿಂಬೆಯನ್ನು ಸುಳಿಯಗೊಡುವುದಿಲ್ಲ. ನಾನೊಮ್ಮೆ ಅಂಗಡಿಯಿಂದ ಇದೇ ಗೆಡ್ಡೆಯ ಪಾಕ ತಂದು, ಏನೋ ಘನಕಾರ್ಯ ಮಾಡಿದವನಂತೆ ಅವರ ಮುಂದಿಟ್ಟೆ. ಬೆರಳದ್ದಿ ನೆಕ್ಕಿದವರು ಬಾಟಲಿಯನ್ನು ನನ್ನ ಕೈಗೇ ತುರುಕಿದರು. "ಜೇನುತುಪ್ಪದ ಹಾಗಿದೆ. ಯಾರೋ ಹುಳಿ ಹಾಕಿ ಚೆನ್ನಾಗಿ ಕುದಿಸಿದ್ದಾರೆ. ಇದನ್ನ ನಿಮ್ಮ ವೈರಿಗೆ ಕೊಡಿ, ಆರೋಗ್ಯಕ್ಕೆ ಒಳ್ಳೇದು ಅಂತ ಹೇಳಿ ಕೊಡಿ."

ಐದನೇ ಮೇಜಿಗೆ ಈಗ ಹನ್ನೊಂದು ಜನ. ದಿನಕ್ಕೆ ಆರು ಕಿಲೋ ಗೆಡ್ಡೆ, ನಾಲ್ಕು ಕಿಲೋ ಕುಂಬಳ, ಹೆಸರುಕಾಳಿನ ಕಿಚಡಿ, ಬೇಯಿಸಿದ ದನದ ಮಾಂಸ, ಕಟ್ಟಿದ ಮೊಸರು. ಹೊಸಬರಿಗೆ ಮೊದಲ ವಾರ ಗೆಡ್ಡೆ ಒಂದೇ ಚಮಚ. ಒಮ್ಮೆಲೇ ಹೆಚ್ಚು ತಿಂದರೆ ಹೊಟ್ಟೆ ಉಬ್ಬರಿಸಿ ಗಾಳಿ ಹೊರಡುತ್ತದೆ. ಗಂಡಸರ ವಾರ್ಡಿನಲ್ಲಿ ಅದಕ್ಕೊಂದು ಹೆಸರಿದೆ. ಯಾರಾದರೂ ಸದ್ದು ಮಾಡಿದರೆ ಪಕ್ಕದ ಹಾಸಿಗೆಯವನು, "ಮದುವೆ ದಿಬ್ಬಣ ಬಂತು, ಕಹಳೆ ಊದ್ತಿದಾರೆ, ಬಾಗಿಲು ತೆಗೀರಪ್ಪಾ!" ಎಂದು ಕೂಗುತ್ತಾನೆ. ಓಪಾ ಒಳಗೆ ಬಂದರೆ ಎಲ್ಲರೂ ಮುಗುಮ್ಮಾಗಿ ಕೂರುತ್ತಾರೆ.

ಆದರೆ ಈ ನವೆಂಬರ್ ಹದಿನಾರರ ಬೆಳಿಗ್ಗೆ ನಗು ಇಲ್ಲ. ಹನ್ನೊಂದು ಜನರಲ್ಲಿ ಒಬ್ಬನ ಪರೀಕ್ಷೆಯ ಅಂಕಿ ನಿನ್ನೆ ಬಂದಿದೆ.

ಅವನು ನೆಮತ್‌ಜಾನ್, ಮೂವತ್ತೆಂಟು ವರ್ಷ, ಮರ್ಗಿಲಾನ್‌ನಿಂದ ಫರ್ಗಾನಾಕ್ಕೆ ಮಿನಿಬಸ್ ಓಡಿಸುವವನು. ಒಂದರ್ಥದಲ್ಲಿ ಅವನು ರೋಗಿಯೇ ಅಲ್ಲ. ರೋಗಿ ಅವನ ಮಗಳು ಮುನವ್ವರ್, ಎಂಟು ವರ್ಷ. ಹುಟ್ಟಿದಾಗಿನಿಂದ ಪಿತ್ತನಾಳ ಸರಿಯಿಲ್ಲ, ಯಕೃತ್ತು ಕಲ್ಲಾಗುತ್ತಿದೆ, ಕಣ್ಣಿನ ಬಿಳಿ ಅರಿಶಿನದಂತಾಗಿದೆ. ಬೇರೆಯವರ ಯಕೃತ್ತಿನ ತುಂಡು ಹಾಕಿದರೆ ಮಾತ್ರ ಉಳಿಯುತ್ತಾಳೆ. ತಾಯಿಯ ರಕ್ತದ ಗುಂಪು ಹೊಂದುವುದಿಲ್ಲ. ತಂದೆಯದು ಹೊಂದುತ್ತದೆ. ಆದರೆ ಸೆಪ್ಟೆಂಬರ್ ಕೊನೆಯಲ್ಲಿ ಅವನನ್ನು ಯಂತ್ರದ ಕೆಳಗೆ ಮಲಗಿಸಿ ನೋಡಿದರೆ ಯಕೃತ್ತಿನಲ್ಲಿ ಶೇಕಡಾ ಇಪ್ಪತ್ತಾರು ಕೊಬ್ಬು. ಸೀಟಿನಲ್ಲಿ ಕೂತು ಹದಿನೈದು ವರ್ಷ ತಿಂದ ಸಮೋಸಾ, ಕುಡಿದ ಸಕ್ಕರೆ ನೀರು ಎಲ್ಲವೂ ಅಲ್ಲಿ ಠಾಣೆ ಹೂಡಿದ್ದವು. ಹತ್ತಕ್ಕಿಂತ ಕೆಳಗೆ ಇಳಿಯದೆ ಕತ್ತಿ ಮುಟ್ಟುವುದಿಲ್ಲ ಎಂದು ತಾಷ್ಕೆಂಟಿನ ಶಸ್ತ್ರವೈದ್ಯರು ಹೇಳಿದರು. ಗಡುವು ಡಿಸೆಂಬರ್ ಹತ್ತು. ಅದಕ್ಕಿಂತ ಹೆಚ್ಚು ಕಾಯಲು ಹುಡುಗಿಯ ಮೈ ಬಿಡುವುದಿಲ್ಲ.

ಮನೆಯಲ್ಲಿದ್ದರೆ ನಂಟರು, ಮದುವೆ, ಮುಂಜಾನೆಯ ಪಲೋವ್ ಊಟ ತಪ್ಪುವುದಿಲ್ಲ. ಅದಕ್ಕೆ ವಾರ್ಡಿನ ಡಾಕ್ಟರ್ ಅಸ್ರೋರ್ ಒಂದು ವ್ಯವಸ್ಥೆ ಮಾಡಿದರು: ನೆಮತ್‌ಜಾನ್ ಬಸ್ಸು ಬಿಡುವುದು, ಬೆಳಿಗ್ಗೆ ಸಂಜೆ ನಡೆಯುವುದು, ಮೂರು ಹೊತ್ತೂ ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಓಪಾರ ಕಣ್ಣೆದುರೇ ಉಣ್ಣುವುದು. ಅಕ್ಟೋಬರ್ ಕೊನೆಗೆ ಅಂಕಿ ಹದಿನೆಂಟಕ್ಕೆ ಇಳಿಯಿತು. ಆ ದಿನ ಓಪಾ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ತಮ್ಮಷ್ಟಕ್ಕೆ ನಗುತ್ತಿದ್ದರಂತೆ. ನಿನ್ನೆ ಬಂದದ್ದು ಹತ್ತೊಂಬತ್ತು. ಇಳಿಯಬೇಕಾದದ್ದು ಏರಿದೆ, ಇಪ್ಪತ್ತನಾಲ್ಕು ದಿನ ಉಳಿದಿದೆ.

"ಒಂದೇ ಕಡೆ ಉಣ್ತಾನೆ, ನನ್ನ ಕೈಯಡುಗೆ ಉಣ್ತಾನೆ, ಮತ್ತೆ ಹೆಚ್ತು ಅಂದ್ರೆ ಏನರ್ಥ?" ಓಪಾ ಮರಳು ಕೊಡವಿ ಏಳುತ್ತಾರೆ. "ಗೆಡ್ಡೆ ಸಿಹಿ ಆಗಿರ್ಬೇಕು. ಇಲ್ಲ, ಅವನು ಕದ್ದು ತಿಂತಿರ್ಬೇಕು. ಇಲ್ಲ, ನನ್ನ ನಾಲಿಗೆ ಸತ್ತಿರ್ಬೇಕು."

ಎಂಟು ಗಂಟೆಗೆ ಡಾಕ್ಟರ್ ಅಸ್ರೋರ್ ಅಡುಗೆಮನೆಗೇ ಬರುತ್ತಾರೆ. ನಲವತ್ತು ದಾಟದ ಮನುಷ್ಯ, ನಿದ್ದೆಯಿಲ್ಲದ ಕಣ್ಣು. ಮುಖ್ಯ ವೈದ್ಯರು ಕೂಗಾಡಿದ್ದಾರಂತೆ.

"ಓಪಾ, ಬೇಜಾರು ಮಾಡ್ಕೋಬೇಡಿ. ಹಂದಿ ಗೆಡ್ಡೆ ತಿನ್ನಿಸಿ ಸಮಯ ಹಾಳು ಮಾಡಿದ್ರಿ ಅಂತಿದಾರೆ. ಇನ್ನೊಂದು ವಾರ ನೋಡಿ ಆಗದಿದ್ರೆ ತಾಷ್ಕೆಂಟಿಗೆ ಆಗಲ್ಲ ಅಂತ ಬರೆದುಬಿಡಿ ಅಂದ್ರು."

"ಬರೆದ್ರೆ? ಬೇರೆ ಯಾರಾದ್ರೂ ಕೊಡೋರು ಇದಾರಾ?"

"ಇಲ್ಲ."

"ಮತ್ತೆ ಬರೆದುಬಿಡೋದು ಅಂತ ಅಷ್ಟು ಸಲೀಸಾಗಿ ಹೇಳ್ತೀರಲ್ಲ ಡಾಕ್ಟ್ರೇ! ಅದು ಮಗು. ಪಟ್ಟಿಯಲ್ಲಿ ಅಳಿಸೋ ಸಾಲಲ್ಲ."

ಡಾಕ್ಟರ್ ನೆಮತ್‌ಜಾನ್‌ನನ್ನು ಎರಡು ಸಲ ಕೂರಿಸಿ ಕೇಳಿದ್ದಾರೆ. ಕೊಬ್ಬು ತಿಂದೆಯಾ? ಇಲ್ಲ. ಮುರಬ್ಬ? ಇಲ್ಲ. ಸಕ್ಕರೆ? ಇಲ್ಲ. ಮಗಳ ತಲೆ ಮುಟ್ಟಿ ಆಣೆ ಮಾಡಿದ್ದಾನೆ. "ಅವನು ಸುಳ್ಳು ಹೇಳ್ತಿಲ್ಲ ಓಪಾ, ನಂಗೆ ಗೊತ್ತಾಗುತ್ತೆ" ಎನ್ನುತ್ತಾರೆ.

ಓಪಾ ಸೌಟು ತಿರುವುತ್ತಲೇ ಇರುತ್ತಾರೆ. ಅವರ ಸಿಟ್ಟಿಗೆ ಇನ್ನೊಂದು ಬೇರಿದೆ, ಅದು ನನಗೆ ತಿಳಿದದ್ದು ಅದೇ ಬೆಳಿಗ್ಗೆ, ಕುಂಬಳ ಹೆಚ್ಚುವಾಗ. ಅವರ ಗಂಡ ಸೋಬಿರ್ ರೇಷ್ಮೆ ನೇಯುವವರು. ಮಗ್ಗದ ಮುಂದೆ ಕೂತರೆ ಪಕ್ಕದಲ್ಲಿ ಹಲ್ವಾದ ತಟ್ಟೆ, ಏಪ್ರಿಕಾಟ್ ಮುರಬ್ಬದ ಬಟ್ಟಲು. ಒಂಬತ್ತು ವರ್ಷದ ಹಿಂದೆ ಯಕೃತ್ತು ಹಾಳಾಗಿ ತೀರಿಕೊಂಡರು. ಆಗಿನ ಡಾಕ್ಟರು ಮೊದಲು ಕೇಳಿದ ಪ್ರಶ್ನೆ, ದಿನಕ್ಕೆ ಎಷ್ಟು ಬಾಟಲಿ ಎಂದು. ಒಂದು ತೊಟ್ಟೂ ಮುಟ್ಟದ ಮನುಷ್ಯ. ಇಲ್ಲ ಎಂದರೆ ಯಾರೂ ನಂಬಲಿಲ್ಲ. ಬೀದಿಯವರು ಬೆನ್ನ ಹಿಂದೆ, ಗುಟ್ಟಾಗಿ ಕುಡಿಯುತ್ತಿದ್ದ ಎಂದರು. ನಮಾಜಿಗೆ ಮಸೀದಿಗೆ ಹೋಗುವುದನ್ನೇ ಸೋಬಿರ್ ಬಿಟ್ಟರಂತೆ, ಜನ ಬಾಯಿ ವಾಸನೆ ನೋಡುತ್ತಾರೆ ಎಂದು.

"ಏನಾದ್ರೂ ಬರೀರಿ, ಬಿಡಿ" ಎನ್ನುತ್ತಾರೆ ಓಪಾ, ಚಾಕು ನಿಲ್ಲಿಸದೆ. "ಆದ್ರೆ ನಮ್ಮ ಮನೆಯೋರು ಕುಡೀತಿರ್ಲಿಲ್ಲ ಅಂತ ಒಂದು ಸಾಲು ಬರೀರಿ. ಮರ್ಗಿಲಾನಿನ ಜನ ಓದ್ಲಿ. ಸಕ್ಕರೆಯಿಂದ್ಲೂ ಲಿವರ್ ಹೋಗುತ್ತೆ ಅಂತ ಅವತ್ತು ಯಾರಿಗೂ ಗೊತ್ತಿರ್ಲಿಲ್ಲ. ನಂಗೂ ಗೊತ್ತಿರ್ಲಿಲ್ಲ. ಆ ಮುರಬ್ಬ ಮಾಡಿದ್ದು ನಾನೇ."

ಬರೆದಿದ್ದೇನೆ, ಓಪಾ. ಮರ್ಗಿಲಾನಿನ ಜನರೇ, ರೇಷ್ಮೆಯ ಸೋಬಿರ್ ಕುಡಿಯುತ್ತಿರಲಿಲ್ಲ.

ಮಧ್ಯಾಹ್ನ ಹನ್ನೆರಡೂವರೆಗೆ ನೆಮತ್‌ಜಾನ್ ಬರುತ್ತಾನೆ. ಅವನ ಹಿಂದೆಯೇ ಅವನ ತಾಯಿ ಉಮ್ರಿನಿಸಾ ಅಜ್ಜಿ, ಎಪ್ಪತ್ತೆರಡು ವರ್ಷ, ಕಂಕುಳಲ್ಲಿ ಬಟ್ಟೆ ಸುತ್ತಿದ ಚಹಾದ ಕುಡಿಕೆ. ಆಸ್ಪತ್ರೆಯ ಚಹಾ ಚಹಾವೇ ಅಲ್ಲ ಎಂಬುದು ಅಜ್ಜಿಯ ಅಭಿಪ್ರಾಯ. ಮಗ ಹುಟ್ಟಿದಾಗಿನಿಂದ ತಮ್ಮ ಕೈಯ ಹಸಿರು ಚಹಾ ಕುಡಿದವನು, ಅದನ್ನೂ ಬಿಡಿಸಬೇಡಿ ಎಂದು ಬೇಡಿಕೊಂಡಿದ್ದರು. ಹಾಲಿಲ್ಲ, ಸಕ್ಕರೆಯಿಲ್ಲ, ಬರಿಯ ಹಸಿರು ಚಹಾ ಎಂದ ಮೇಲೆ ಓಪಾ ಹೂಂ ಎಂದಿದ್ದರು. ಕೋಣೆಗೆ ಬರುವ ತಟ್ಟೆ, ಬಟ್ಟಲು, ಕೊನೆಗೆ ಅವನ ಕೋಟಿನ ಜೇಬನ್ನೂ ತಡಕುವ ಓಪಾ ಆ ಕುಡಿಕೆಯ ಮುಚ್ಚಳವನ್ನು ಮಾತ್ರ ಒಂದು ದಿನವೂ ಎತ್ತಿ ನೋಡಿರಲಿಲ್ಲ. ಹಿರಿಯರ ಕೈಯ ಚಹಾವನ್ನು ಪರೀಕ್ಷೆ ಮಾಡುವುದೆಂದರೆ ಅವರ ಮುಖಕ್ಕೆ ಹೊಡೆದಂತೆ.

ಊಟ ಮುಗಿಯುತ್ತದೆ. ಅಜ್ಜಿ ನಮಾಜಿಗೆಂದು ಪಕ್ಕಕ್ಕೆ ಹೋದಾಗ ಓಪಾ ಪಾತ್ರೆ ಎತ್ತುತ್ತಾರೆ, ಇವತ್ತು ಕುಡಿಕೆಯನ್ನೂ ಎತ್ತಿಕೊಳ್ಳುತ್ತಾರೆ. ಒಳಗಿನ ಸೊಪ್ಪನ್ನು ತೊಟ್ಟಿಗೆ ಬಗ್ಗಿಸಿದಾಗ ಎಲೆಗಳ ನಡುವೆ ಏನೋ ಬೆಳ್ಳಗೆ ಕಾಣುತ್ತದೆ. ಬೆರಳಿನಿಂದ ಬಿಡಿಸಿ ಎಳೆಯುತ್ತಾರೆ. ಗೇಣುದ್ದದ ಹತ್ತಿಯ ದಾರ.

ನನಗೆ ಮೊದಲು ಅರ್ಥವಾಗಲಿಲ್ಲ. ಓಪಾರ ಮುಖ ಬಿಳಚಿಕೊಂಡದ್ದು ನೋಡಿ ಅರ್ಥವಾಯಿತು. ಚಹಾದಲ್ಲಿ ದಾರ ಬರುವುದು ಒಂದೇ ಕಡೆಯಿಂದ. ಕಲ್ಲುಸಕ್ಕರೆ ಹೆಪ್ಪುಗಟ್ಟುವುದು ದಾರದ ಮೇಲೆ.

"ತಮ್ಮಾ, ಇಲ್ಲಿ ಬಾ" ಎನ್ನುತ್ತಾರೆ. ದನಿ ಮೆಲ್ಲಗಿದೆ. "ಇದೇನು?"

ನೆಮತ್‌ಜಾನ್ ದಾರ ನೋಡುತ್ತಾನೆ. ಅವನ ಮುಖದಲ್ಲಿ ಕಳ್ಳನ ಅಳುಕಿಲ್ಲ. "ಕಲ್ಲುಸಕ್ಕರೆದು ಓಪಾ."

"ಡಾಕ್ಟ್ರು ಕೇಳ್ದಾಗ ಸಕ್ಕರೆ ತಿಂದಿಲ್ಲ ಅಂದ್ಯಲ್ಲೋ! ಮಗಳ ತಲೆ ಮುಟ್ಟಿ ಹೇಳ್ದೆ!"

"ಸಕ್ಕರೆ ಎಲ್ಲಿ ತಿಂದೆ? ಇದು ಕಲ್ಲುಸಕ್ಕರೆ, ಔಷಧಿ. ಹೊಟ್ಟೆನೋವಿಗೆ, ಕೆಮ್ಮಿಗೆ, ಬಾಣಂತಿಗೆ ಕೊಡಲ್ವಾ? ಅಮ್ಮ ಕೊಟ್ಟಿದ್ದು..." ಹೇಳುತ್ತ ಹೇಳುತ್ತ ಅವನಿಗೇ ಹೊಳೆಯುತ್ತದೆ. ಬೆಂಚಿನ ಮೇಲೆ ಕುಸಿಯುತ್ತಾನೆ. ಆ ದೊಡ್ಡ ಮೈಯ ಗಂಡಸು ಎರಡೂ ಕೈಯಿಂದ ಮುಖ ಮುಚ್ಚಿಕೊಂಡದ್ದನ್ನು ನೋಡಲಾಗದೆ ನಾನು ಕಿಟಕಿಯ ಕಡೆ ತಿರುಗಿದೆ. ನಗಬೇಡಿ. ನೀವಾಗಿದ್ದರೂ ನಾನಾಗಿದ್ದರೂ ಅದೇ ಉತ್ತರ ಕೊಡುತ್ತಿದ್ದೆವು. ನಮ್ಮ ಮನೆಗಳಲ್ಲಿ ಕಲ್ಲುಸಕ್ಕರೆ ಇರುವುದು ಮದ್ದಿನ ಪೆಟ್ಟಿಗೆಯಲ್ಲಿ.

ಅಜ್ಜಿ ಬಂದು ನಿಲ್ಲುತ್ತಾರೆ. ಕುಡಿಕೆ, ದಾರ, ಮಗನ ಬಗ್ಗಿದ ತಲೆ ನೋಡುತ್ತಾರೆ.

"ಅಜ್ಜಿ, ಎಷ್ಟು ದಿನದಿಂದ ಹಾಕ್ತಿದೀರಿ?"

"ಚಳಿ ಬಿದ್ದಾಗಿಂದ" ಎನ್ನುತ್ತಾರೆ ಉಮ್ರಿನಿಸಾ ಅಜ್ಜಿ, ಅಂಜದೆ. "ನಿನ್ನ ಗೆಡ್ಡೆ ಶೀತ, ಮಗಳೇ. ಹಸಿರು ಚಹಾನೂ ಶೀತ. ಮೊಸರೂ ಶೀತ. ಹೊರಗೆ ಹಿಮ. ಇಷ್ಟೆಲ್ಲ ಶೀತ ಹೊಟ್ಟೆಗೆ ಹೋದ್ರೆ ಲಿವರ್ ಮರಗಟ್ಟಿ ಹೋಗಲ್ವಾ? ಶೀತಕ್ಕೆ ಉಷ್ಣ ಬೇಕು, ನಮ್ಮ ಕಲ್ಲುಸಕ್ಕರೆ ಉಷ್ಣ. ನಿಂಗೆ ಯಾರೂ ಹೇಳ್ಕೊಡ್ಲಿಲ್ವಾ?"

"ಒಂದು ಹೊತ್ತಿಗೆ ಎಷ್ಟು ಹಾಕ್ತೀರಿ?"

ಅಜ್ಜಿ ಮುಷ್ಟಿ ತೋರಿಸುತ್ತಾರೆ. ಮುದುಕಿಯ ಸಣ್ಣ ಮುಷ್ಟಿಯೇ, ಆದರೂ ಮೂರು ಹೊತ್ತಿಗೆ ಮೂರು ಮುಷ್ಟಿ. ಓಪಾ ಕಣ್ಣು ಮುಚ್ಚಿ ತೆರೆಯುತ್ತಾರೆ. 'ನಿಮ್ಮ ಮೊಮ್ಮಗಳನ್ನು ನೀವೇ ಕೊಲ್ಲುತ್ತಿದ್ದೀರಿ' ಎಂಬ ಮಾತು ಅವರ ಗಂಟಲಲ್ಲಿ ನಿಂತಿರುವುದು ನನಗೆ ಕಾಣುತ್ತಿದೆ. ನಾನಾಗಿದ್ದರೆ ಆಡಿಬಿಡುತ್ತಿದ್ದೆ.

ಓಪಾ ಆಡಲಿಲ್ಲ. ಅಜ್ಜಿಯನ್ನು ಒಲೆಯ ಪಕ್ಕದ ಸ್ಟೂಲಿನಲ್ಲಿ ಕೂರಿಸಿದರು. "ನೀವು ಹೇಳಿದ್ದು ನಿಜ ಅಜ್ಜಿ. ಗೆಡ್ಡೆ ಶೀತ. ಅದು ನಂಗೆ ಹೊಳೀಲೇ ಇಲ್ಲ. ತಪ್ಪು ನಂದು" ಎಂದರು. ಆಮೇಲೆ ಡಬ್ಬಿಗಳನ್ನು ಒಂದೊಂದೇ ಇಳಿಸಿ ಅಜ್ಜಿಯ ಮುಂದಿಟ್ಟರು. "ಜೀರಿಗೆ?"

"ಉಷ್ಣ."

"ಕರಿಮೆಣಸು?"

"ಅದಂತೂ ಉಷ್ಣ."

"ಒಣಶುಂಠಿ? ಕಪ್ಪು ಚಹಾ?"

"ಎರಡೂ ಉಷ್ಣ." ಅಜ್ಜಿ ಅನುಮಾನದಿಂದ ನೋಡುತ್ತಾರೆ. "ನನ್ನ ಪರೀಕ್ಷೆ ಮಾಡ್ತಿದೀಯೇನೇ?"

"ಇಲ್ಲ, ಕೆಲ್ಸಕ್ಕೆ ಇಟ್ಕೋತಿದೀನಿ. ಇನ್ಮೇಲೆ ಗೆಡ್ಡೆಗೆ ಜೀರಿಗೆ, ಮೆಣಸು ಎಷ್ಟು ಅಂತ ನೀವೇ ಹೇಳಿ. ಪಟ್ಟಿಯವರು ಮೆಣಸು ಕಮ್ಮಿ ಅಂತಾರೆ, ಚಿಟಿಕೆ ಸಾಕು. ಹಸಿರು ಬಿಟ್ಟು ಕಪ್ಪು ಚಹಾ, ಅದಕ್ಕೊಂದು ಚೂರು ಶುಂಠಿ. ಉಷ್ಣ ಆಯ್ತಲ್ಲ? ಕಲ್ಲುಸಕ್ಕರೆ ಮಾತ್ರ ಬೇಡ. ಅದು ಉಷ್ಣ ನಿಜ, ಆದ್ರೆ ಲಿವರಿಗೆ ಹೋದ್ಮೇಲೆ ಕೊಬ್ಬಾಗುತ್ತೆ. ಕೊಬ್ಬಿರೋ ತುಂಡನ್ನ ಮುನವ್ವರ್‌ಗೆ ಹಾಕಲ್ಲ ಅಂತಾರೆ ಅಜ್ಜಿ. ಮಗನಿಗೆ ಏನೂ ಆಗಲ್ಲ, ಆದ್ರೆ ಹುಡುಗಿಗೆ ಬೇರೆ ದಾರಿ ಇಲ್ಲ."

ಅಜ್ಜಿಗೆ ಈಗ ಅರ್ಥವಾಗುತ್ತದೆ. ಕೂಗುವುದಿಲ್ಲ, ಅಳುವುದಿಲ್ಲ. ಅಂಗಿಯ ಒಳಜೇಬಿನಿಂದ ಒಂದು ಗಂಟು ತೆಗೆದು ಒಲೆಯ ಕಟ್ಟೆಯ ಮೇಲಿಡುತ್ತಾರೆ. ಕರವಸ್ತ್ರದಲ್ಲಿ ಸಂಜೆಯ ಪಾಲಿನ ಕಲ್ಲುಸಕ್ಕರೆ. "ಎಷ್ಟು ದಿನ ಉಳಿದಿದೆ ಮಗಳೇ?" ಎಂದಷ್ಟೇ ಕೇಳುತ್ತಾರೆ.

"ಇಪ್ಪತ್ತನಾಲ್ಕು."

ಆ ಇಪ್ಪತ್ತನಾಲ್ಕು ದಿನಗಳಲ್ಲಿ ನಾನು ಏಳು ಸಲ ಹೋಗಿದ್ದೆ. ನೆಮತ್‌ಜಾನ್‌ನ ನಡಿಗೆ ದಿನಕ್ಕೆ ಆರು ಕಿಲೋಮೀಟರಿನಿಂದ ಹನ್ನೊಂದಕ್ಕೆ ಏರಿತು. ಅವನ ಮುಂದೆ ರೇಷ್ಮೆ ಸಂತೆಯ ಬೀದಿಯವರೆಗೆ ಕೋಲೂರಿಕೊಂಡು ಅಜ್ಜಿ ನಡೆಯುತ್ತಿದ್ದರು, ದಾರಿಯಲ್ಲಿ ಯಾವನಾದರೂ ಗೆಳೆಯ ಸಮೋಸಾ ಚಾಚಿದರೆ ಕೋಲು ಎತ್ತುತ್ತಿದ್ದರು. "ನಮ್ಮಮ್ಮ ನನ್ನ ಟ್ರಾಫಿಕ್ ಪೊಲೀಸ್ ಆಗ್ಬಿಟ್ಟಿದಾಳೆ" ಎಂದು ಅವನು ನಗಲು ನೋಡುತ್ತಿದ್ದ. ನಗು ಕಣ್ಣಿಗೆ ಏರುತ್ತಿರಲಿಲ್ಲ. ಮುಖ್ಯ ವೈದ್ಯರು ಕೊಟ್ಟ ವಾರ ಮುಗಿದಾಗ ಡಾಕ್ಟರ್ ಅಸ್ರೋರ್ ಆ ದಾರವನ್ನು ಕಾಗದಕ್ಕೆ ಅಂಟಿಸಿಕೊಂಡು ಅವರ ಕೋಣೆಗೆ ಹೋದರಂತೆ, ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಮಾತಾಡಿದರಂತೆ. ಹೊರಬಂದವರು ಡಿಸೆಂಬರ್ ಹತ್ತರವರೆಗೆ ಕಾಯುತ್ತಾರೆ ಎಂದರು.

ಓಪಾ ಅಷ್ಟೂ ದಿನ ನಾಲ್ಕು ಗಂಟೆಗೇ ಎದ್ದರು. ಗೆಡ್ಡೆಯನ್ನು ಕಚ್ಚಿಯೇ ಪಾತ್ರೆಗೆ ಹಾಕಿದರು. ಒಂದೆರಡು ಸಲ ಸಿಹಿ ಸಿಕ್ಕಿತು, ಆ ದಿನದ ಅಷ್ಟೂ ಗೆಡ್ಡೆ ಹಿತ್ತಲ ಕೋಳಿಗಳಿಗೆ ಹೋಯಿತು. ಉಳಿದ ಹತ್ತು ಜನ, "ಓಪಾ, ನಾವೂ ಇದೀವಿ, ನಮ್ಮ ಮೇಲೂ ಸ್ವಲ್ಪ ಕಣ್ಣಿರ್ಲಿ" ಎಂದು ರೇಗಿಸಿದರೆ, "ನಿಮಗೆ ಡಿಸೆಂಬರ್ ಹತ್ತು ಇಲ್ವಲ್ಲ, ಸುಮ್ನೆ ಉಣ್ಣಿ" ಎಂದು ಗದರಿದರು. ಮುನವ್ವರ್ ಒಂದು ದಿನ ಅಜ್ಜಿಯ ಬೆನ್ನಿಗಂಟಿಕೊಂಡು ಬಂದಿದ್ದಳು. ತಂದೆಯ ತಟ್ಟೆಗೆ ಇಣುಕಿ, "ಇದು ಚೆನ್ನಾಗಿದೆಯಾ ಅಪ್ಪಾ?" ಎಂದಳು. "ತುಂಬಾ" ಎಂದ ಅವನು. ಅವಳು ಒಂದು ಚೂರು ಬಾಯಿಗೆ ಹಾಕಿ, "ಸುಳ್ಳು!" ಎಂದು ಉಗಿದಳು. ಆ ದಿನ ಅಡುಗೆಮನೆಯವರೆಲ್ಲ ಬಹಳ ದಿನದ ಮೇಲೆ ನಿಜಕ್ಕೂ ನಕ್ಕರು.

ಡಿಸೆಂಬರ್ ಹತ್ತು, ಮಧ್ಯಾಹ್ನ. ಯಂತ್ರವಿರುವುದು ಫರ್ಗಾನಾದಲ್ಲಿ, ನೆಮತ್‌ಜಾನ್ ಬೆಳಿಗ್ಗೆಯೇ ಹೋಗಿದ್ದಾನೆ. ಓಪಾ ಒಂದೇ ಕುಂಬಳವನ್ನು ಎಷ್ಟು ಹೊತ್ತಿನಿಂದ ಹೆಚ್ಚುತ್ತಿದ್ದಾರೋ, ಹೋಳುಗಳು ಹೆಸರುಕಾಳಿನಷ್ಟಾಗಿವೆ. ಅಜ್ಜಿ ಸ್ಟೂಲಿನಲ್ಲಿ ಕೂತು ಜಪಮಣಿ ಎಣಿಸುತ್ತಿದ್ದಾರೆ. ಎರಡೂಕಾಲಿಗೆ ಹಜಾರದಲ್ಲಿ ಓಡುವ ಹೆಜ್ಜೆ ಕೇಳಿಸುತ್ತದೆ. ಡಾಕ್ಟರ್ ಅಸ್ರೋರ್ ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಾರೆ.

"ಒಂಬತ್ತೂವರೆ."

ಅಜ್ಜಿಯ ಜಪಮಣಿ ನಿಲ್ಲುತ್ತದೆ. "ಓಪಾ, ಒಂಬತ್ತೂವರೆ! ಹತ್ತಕ್ಕಿಂತ ಕೆಳಗೆ!"

"ಕೇಳಿಸ್ತು" ಎನ್ನುತ್ತಾರೆ ಓಪಾ. ಚಾಕು ಕೆಳಗಿಟ್ಟು, ನಲ್ಲಿ ತಿರುಗಿಸಿ, ನಮ್ಮ ಕಡೆ ಬೆನ್ನು ಮಾಡಿ ಬಹಳ ಹೊತ್ತು ಮುಖ ತೊಳೆಯುತ್ತಾರೆ.

ಮಾರನೆಯ ಬೆಳಿಗ್ಗೆ ತಾಷ್ಕೆಂಟಿಗೆ ಹೊರಡುವ ಕಾರು ಅಡುಗೆಮನೆಯ ಹಿಂಬಾಗಿಲಿಗೇ ಬರುತ್ತದೆ. ನಮ್ಮಲ್ಲಿ ದೂರ ಹೊರಟವರು ಮನೆಯ ರೊಟ್ಟಿಯನ್ನು ಒಂದು ತುತ್ತು ಕಚ್ಚಿ ಹೋಗಬೇಕು. ಉಳಿದದ್ದು ಗೋಡೆಯಲ್ಲಿ ತೂಗುತ್ತಿರುತ್ತದೆ, ಹೋದವರು ಬಂದು ಅದನ್ನು ಮುಗಿಸುವವರೆಗೆ. ಅಜ್ಜಿ ಮುಸುಕಿನಡಿಯಿಂದ ಎರಡು ಬಿಸಿ ರೊಟ್ಟಿ ತೆಗೆದು, ಮಗನ ಕೈಗೆ ಕೊಡುವ ಮೊದಲು ಓಪಾರ ಮುಖ ನೋಡುತ್ತಾರೆ. ಮೈದಾ ರೊಟ್ಟಿ, ಹತ್ತು ವಾರದಿಂದ ಅವನಿಗೆ ನಿಷಿದ್ಧ.

"ಒಂದೇ ಕಚ್ಚು, ತಮ್ಮಾ" ಎನ್ನುತ್ತಾರೆ ಓಪಾ. "ದೊಡ್ಡದು ಬೇಡ."

ನೆಮತ್‌ಜಾನ್ ಇಲಿ ಕಡಿದಷ್ಟು ಕಚ್ಚುತ್ತಾನೆ. ಮುನವ್ವರ್ ತನ್ನದನ್ನು ಬಾಯಿ ತುಂಬ ಕಚ್ಚುತ್ತಾಳೆ. ಅಜ್ಜಿ ರೊಟ್ಟಿಗಳನ್ನು ಮನೆಗೆ ಒಯ್ಯುವುದಿಲ್ಲ. ಮಗ ಇಷ್ಟು ದಿನ ಉಂಡದ್ದು ಇಲ್ಲಿ, ಇದೇ ಅವನ ಮನೆ ಎಂದು ಓಪಾರ ಕೈಗೇ ಕೊಡುತ್ತಾರೆ. ಪಥ್ಯದ ಪಟ್ಟಿಯ ಪಕ್ಕ ಓಪಾ ಎರಡು ಮೊಳೆ ಹೊಡೆಯುತ್ತಾರೆ.

ಶಸ್ತ್ರಕ್ರಿಯೆ ನಡೆದದ್ದು ಹದಿನೇಳರಂದು. ಹದಿನಾಲ್ಕು ಗಂಟೆ ಹಿಡಿಯಿತು. ಮರುದಿನ ಬೆಳಿಗ್ಗೆ ತಾಷ್ಕೆಂಟಿನಿಂದ ಫೋನು ಬಂದಾಗ ನಾನು ಅಡುಗೆಮನೆಯಲ್ಲೇ ಇದ್ದೆ. ಡಾಕ್ಟರ್ ಅಸ್ರೋರ್ ಫೋನನ್ನು ಕಿವಿಗೊತ್ತಿಕೊಂಡೇ ಒಳಗೆ ಬಂದು, ತಾವು ಕೇಳಿದ್ದನ್ನು ನಮಗೆ ಹೇಳುತ್ತಾರೆ. ಇಬ್ಬರಿಗೂ ಎಚ್ಚರ ಬಂದಿದೆ. ಹುಡುಗಿಯೊಳಗೆ ಹೊಸ ತುಂಡು ಕೆಲಸ ಶುರು ಮಾಡಿದೆ. ಇನ್ನೂ ಮೂರು ವಾರ ಏನೂ ಹೇಳಲಾಗದು.

"ಇನ್ನೊಂದು ಮಾತು ಓಪಾ. ಹೊಟ್ಟೆ ತೆರೆದಾಗ ಅವನ ಲಿವರ್ ಕೆಂಪಗಿತ್ತಂತೆ."

"ಎಂಥ ಕೆಂಪು?" ಓಪಾ ತಟ್ಟನೆ ಕೇಳುತ್ತಾರೆ. ನಲವತ್ತು ವರ್ಷ ಸಂತೆಯಲ್ಲಿ ಕುರಿಯ ಯಕೃತ್ತು ಆರಿಸಿದ ಹೆಂಗಸು. "ಹಳದಿ ಮಿಶ್ರ ಕೆಂಪಾ, ಎಳೇ ಕುರೀದರ ಥರ ಕೆಂಪಾ? ಸರಿಯಾಗಿ ಕೇಳಿ."

ಡಾಕ್ಟರ್ ಪಾಪ, ನಾಚುತ್ತಲೇ ಫೋನಿನಲ್ಲಿ ಅದನ್ನೂ ಕೇಳುತ್ತಾರೆ. ಆ ಕಡೆಯಿಂದ ನಗು ಕೇಳಿಸುತ್ತದೆ. "ಎಳೇ ಕುರೀದರ ಥರ, ಅಂತಿದಾರೆ."

ಓಪಾ ತಲೆಯಾಡಿಸುತ್ತಾರೆ. ಒಲೆಯ ಮೇಲಿನ ಹಬೆಪಾತ್ರೆಯ ಮುಚ್ಚಳ ಎತ್ತಿ ಗೆಡ್ಡೆಗೆ ಚಿಟಿಕೆ ಜೀರಿಗೆ ಉದುರಿಸುತ್ತಾರೆ. ನೆಮತ್‌ಜಾನ್ ಹೋದ ಜಾಗಕ್ಕೆ ಐದನೇ ಮೇಜಿಗೆ ನಿನ್ನೆ ಇಬ್ಬರು ಹೊಸಬರು ಬಂದಿದ್ದಾರೆ, ಇಬ್ಬರೂ ಮುರಬ್ಬ ಕೇಳಿ ಜಗಳವಾಡಿದ್ದಾರಂತೆ. ಹಜಾರದ ಫೋಟೊಗಳ ಮಾತನ್ನು ನಾನು ಮತ್ತೆ ಎತ್ತುವುದಿಲ್ಲ. ನಿಮಗೇನು ಬೇಕು, ಓಪಾ, ಎಂದಷ್ಟೇ ಕೇಳುತ್ತೇನೆ.

ಅವರು ಗೋಡೆಯ ಎರಡು ರೊಟ್ಟಿಗಳನ್ನು ನೋಡುತ್ತಾರೆ. ಒಂದರಲ್ಲಿ ಇಲಿ ಕಡಿದಷ್ಟು ಗುರುತು, ಇನ್ನೊಂದರಲ್ಲಿ ಪುಟ್ಟ ಹಲ್ಲುಗಳ ದೊಡ್ಡ ಅರ್ಧಚಂದ್ರ.

"ದಿನಾ ಧೂಳು ಒರೆಸ್ತೀನಿ" ಎನ್ನುತ್ತಾರೆ. "ಅವ್ರು ಬರೋ ಹೊತ್ತಿಗೆ ಕಲ್ಲಾಗಿರುತ್ತೆ. ಆಗ್ಲಿ. ಇಬ್ರೂ ಬಂದು ತಮ್ತಮ್ಮ ಕೈಯಾರೆ ಇಳಿಸ್ಕೊಂಡು ತಿನ್ಲಿ. ಅವತ್ತೊಂದು ದಿನ ಪಟ್ಟಿ ನೋಡಲ್ಲ ನಾನು."